ಹುಲೆಪ್ಪ ಎಣಿಸಿದ ಊರು

ಹನ್ನೂರಿನಲ್ಲಿ ಯಾರು ಹುಟ್ಟಿದರು, ಯಾರು ಸತ್ತರು ಎಂಬುದನ್ನು ವಾರಕ್ಕೊಮ್ಮೆ ಅಕ್ಕಲಕೋಟಕ್ಕೆ ನಡೆದುಹೋಗಿ ಕಚೇರಿಯಲ್ಲಿ ಬರೆಸುವುದು ಹುಲೆಪ್ಪನ ಕೆಲಸ. ಓದುಬರಹ ಬಾರದು, ಎಲ್ಲವೂ ತಲೆಯಲ್ಲೇ. ಒಮ್ಮೆ ದಾರಿಯಲ್ಲಿ ಹರಟೆಗೆ ನಿಂತು ಮರೆತು, ಹುಟ್ಟಿದ ಕೂಸನ್ನು ಸತ್ತವರಲ್ಲಿ ಬರೆಸಿಬಂದು, ಬಾಣಂತಿಯ ಅತ್ತೆಯಿಂದ ಓಣಿಗೆಲ್ಲ ಕೇಳುವಂತೆ ಬೈಸಿಕೊಂಡ. ಅಂದಿನಿಂದ ಹುಟ್ಟಿಗೆ ಹುಣಸೆಬೀಜ, ಸಾವಿಗೆ ಹರಳುಕಲ್ಲು ಕಟ್ಟಿಕೊಂಡು ಹೋಗುತ್ತಿದ್ದ.

೧೯೨೬ರ ಚಳಿಗಾಲದಲ್ಲಿ ಪ್ಲೇಗು ಬಂತು. ಡಾಕ್ಟರು ಆರುನೂರು ಜನಕ್ಕೆ ಸೂಜಿ ಚುಚ್ಚಿದರು. ಅರವತ್ತು ಮಂದಿ ಹೆದರಿ ಜೋಳದ ಹೊಲ ಸೇರಿ ತಪ್ಪಿಸಿಕೊಂಡರು. ಬೇನೆ ಇಳಿಯುವಷ್ಟರಲ್ಲಿ ಹತ್ತು ಜನ ಹೋಗಿದ್ದರು.

ಮರುವರ್ಷ ಡಾಕ್ಟರು ಮತ್ತೆ ಬರುವ ಸುದ್ದಿ ತಿಳಿದು ಶಂಕರೆಪ್ಪಗೌಡರು ಚಾವಡಿಯಲ್ಲಿ ಜನ ಸೇರಿಸಿದರು.

“ಸೂಜಿ ಹಾಕಿಸಿಕೊಂಡವ್ರು ಐದು ಮಂದಿ ಸತ್ರು, ಬಿಟ್ಟವ್ರೂ ಐದ ಮಂದಿ. ಮತ್ತ ಯಾಕ ಚುಚ್ಚಿಸಿಕೋಬೇಕು?”

ಎಲ್ಲರೂ ತಲೆದೂಗಿದರು. ಹುಲೆಪ್ಪ ಕೆಳಗೆ ಅಂಗಳದಲ್ಲಿ ನಿಂತಿದ್ದ. ಅವನ ಜಾತಿಯವರು ಕಟ್ಟೆ ಹತ್ತುವಂತಿರಲಿಲ್ಲ, ನಡುವೆ ಬಾಯಿ ಹಾಕುವಂತೆಯೂ ಇರಲಿಲ್ಲ. ಅಂದು ಹಾಕಿದ.

“ಬರೇ ಸತ್ತವ್ರನ್ನ ಎಣಿಸಿದ್ರ ಹ್ಯಾಂಗ್ರಿ ಗೌಡ್ರ? ಬದುಕಿದವ್ರನ್ನೂ ಎಣಿಸ್ರಿ.”

ಸೂಜಿ ಹಾಕಿಸಿಕೊಂಡವರೆಷ್ಟು, ಓಡಿದವರೆಷ್ಟು ಎಂದು ವಾರವಿಡೀ ಮನೆಮನೆ ತಿರುಗಿ ಕೇಳಿ, ತಲೆಗೊಂದು ಬೀಜ ಕೂಡಿಟ್ಟಿದ್ದ. ಚೀಲ ಬಿಚ್ಚಿ ಎರಡು ಗುಡ್ಡೆ ಮಾಡಿದ, ಒಂದೊಂದರ ಮೇಲೆ ಐದೈದು ಹರಳಿಟ್ಟ.

“ಈ ದೊಡ್ಡ ಗುಡ್ಡಿ ಸೂಜಿಯವ್ರದು. ನೂರಾ ಇಪ್ಪತ್ತು ಮಂದ್ಯಾಗ ಒಬ್ಬ ಹೋಗ್ಯಾನ. ಈ ಸಣ್ಣದು ಓಡಿಹೋದವ್ರದು. ಹನ್ನೆರಡ್ರಾಗ ಒಬ್ಬ. ನೀವು ಯಾವುದ್ರಾಗ ಕುಂದ್ರತೀರಿ?”

ಗೌಡರು ಮೆಟ್ಟಿಲಿಳಿದು ಬಂದರು. ಸಣ್ಣ ಗುಡ್ಡೆಯ ಮೇಲಿನ ಹರಳುಗಳಲ್ಲಿ ಒಂದು ಅವರ ತಮ್ಮನದು. ಅದನ್ನೇ ನೋಡುತ್ತ, “ಡಾಕ್ಟರ್ ಬಂದ್ರ ಮೊದಲ ನನ್ನ ರಟ್ಟಿ,” ಎಂದರು.

ಅಷ್ಟರಲ್ಲಿ ಹುಲೆಪ್ಪನ ಹೆಂಡತಿ ರಖಮಾಬಾಯಿ ಹಿಂದಿನಿಂದ ಕೂಗಿದಳು: “ಊರಿಗೆಲ್ಲ ಹೇಳ್ತಾನ್ರಿ, ಹೋದ ವರ್ಷ ತಾನೂ ಹೊಲದಾಗ ಅಡಗಿ ಕುಂತಿದ್ದ!”

ಚಾವಡಿ ಗೊಳ್ಳೆಂದು ನಕ್ಕಿತು. ಹುಲೆಪ್ಪ ತಲೆ ಕೆರೆದುಕೊಂಡ. “ಹೌದ್ರಿ. ಆ ಸತ್ತವ್ರಾಗ ನಾನೂ ಒಬ್ಬ ಆಗಬಹುದಿತ್ತಲ್ಲ ಅಂತ ಅಂಜಿಕಿ ಆತು. ಅದಕ್ಕ ಎಣಿಸಿದೆ.”

ಡಾಕ್ಟರು ಬಂದ ದಿನ ಅವನು ಸಾಲಿನಲ್ಲಿ ಧೈರ್ಯದಿಂದಲೇ ನಿಂತ. ಸೂಜಿ ಕಂಡೊಡನೆ ಮೂರ್ಛೆ ಹೋದ. ಇದೇ ಅನುಕೂಲವೆಂದು ಡಾಕ್ಟರು ಚುಚ್ಚಿ ಮುಗಿಸಿದರು. ಆ ವರ್ಷ ಹೊಲಕ್ಕೆ ಓಡಿದವರು ಮೂವರೇ. ಪ್ಲೇಗಿನಿಂದ ಸತ್ತವರು ಒಬ್ಬರೇ.