ಕಾಗದದ ಸೇತುವೆಗೆ ಒಡೆದ ಕಾಯಿ

ನ್ಯಾಮತಿಯಿಂದ ನಮ್ಮ ಟೆಂಪೊ ಹೊರಡುವಾಗ ಬಿಸಿಲು ಇನ್ನೂ ಏರಿರಲಿಲ್ಲ. ಗೆಳತಿ ಮಂಜುಳಾ ಕಲಿಸುವ ಪ್ರಾಥಮಿಕ ಶಾಲೆಯ ಮಕ್ಕಳು ಹಳೇ ಪೇಪರ್ ಸುರುಳಿ ಸುತ್ತಿ, ಮೈದಾ ಅಂಟು ಹಚ್ಚಿ ಸೇತುವೆ ಕಟ್ಟಿದ್ದರು. ಅದರ ಮೇಲೆ ಇಟ್ಟಿಗೆ ಹೇರುವ ಸ್ಪರ್ಧೆ ಜಗಳೂರಿನಲ್ಲಿ. ಗೆದ್ದ ಸೇತುವೆ ದಾವಣಗೆರೆಯ ಮೇಳಕ್ಕೆ ಹೋಗುತ್ತದೆ. ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದವನೆಂದು ಮಂಜುಳಾ ನನ್ನನ್ನೂ ಕರೆದಿದ್ದಳು. ಒಂದು ಊರಲ್ಲಿ ನೆಟ್ಟಗೆ ನಿಲ್ಲಲಾರದ ನಾನು ತಕ್ಷಣ ಒಪ್ಪಿದೆ.

ಸೇತುವೆಯ ಮುಖ್ಯ ಎಂಜಿನಿಯರು ಐದನೇ ತರಗತಿಯ ಸವಿತಾ, ಸೂರಗೊಂಡನಕೊಪ್ಪದವಳು. ಗಾಡಿಗೆ ಏರಿಸುವ ಮೊದಲು ಸೇತುವೆಗೆ ಅರಿಸಿನ ಕುಂಕುಮ ಹಚ್ಚಿದಳು. ಚಾಲಕ ರಫೀಕ್ ಸೀಟಿನಡಿಯಿಂದ ತೆಂಗಿನಕಾಯಿ ತೆಗೆದುಕೊಟ್ಟ.

"ಹೊಸ ಗಾಡಿಗೆ ಒಡೀತೀವಿ, ಹೊಸ ಸೇತುವೆ ಏನ್ ಪಾಪ ಮಾಡೈತೆ? ಒಡಿಯವ್ವ."

"ದೂರ ಹೋಗಿ ಒಡಿ, ನೀರು ತಾಗೀತು" ಎಂದು ನಾನು ಹೇಳಿದೆ. ಹೇಳಿದೆನೆಂದೇ ನನ್ನ ನೆನಪು. ಕಾಯಿ ಓರೆಯಾಗಿ ಒಡೆಯಿತು. ದೂಳು ಕೂರದಿರಲೆಂದು ಮಂಜುಳಾ ಸೇತುವೆಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಬಿಗಿಯಾಗಿ ಕಟ್ಟಿದಳು.

ಹೊನ್ನಾಳಿಯಲ್ಲಿ ಹೊಳೆಯ ಸೇತುವೆ ದಾಟುವಾಗ ಮಕ್ಕಳೆಲ್ಲ ಕಿಟಕಿಗೆ ಮುತ್ತಿಕೊಂಡರು. "ಲೇ ಸವಿತಾ, ಇದರ ಕಾಲು ನೋಡು, ನಮ್ಮದು ಸೊಳ್ಳೆ ಕಾಲು" ಎಂದು ಹುಡುಗನೊಬ್ಬ ಕೆಣಕಿದ. "ಇದನ್ನ ಪೇಪರ್‌ನಾಗೆ ಕಟ್ಟಾಕೆ ಹೇಳು ನೋಡಾಣ" ಎಂದಳು ಅವಳು. ಚನ್ನಗಿರಿಯಲ್ಲಿ ಇಡ್ಲಿ ತಿನ್ನಲು ನಿಂತೆವು. ಸವಿತಾ ಸೇತುವೆ ಬಿಟ್ಟು ಇಳಿಯಲಿಲ್ಲ. ಅವಳ ತಟ್ಟೆಯನ್ನು ಕಿಟಕಿಯಿಂದ ಕೊಟ್ಟೆವು. ಮುಂದೆ ತೋಟಗಳು ತೆಳುವಾಗುತ್ತ ಹೋಗಿ ಮೆಕ್ಕೆಜೋಳದ ಹೊಲಗಳು ಬಂದವು, ಗಾಳಿ ಬಿಸಿಯಾಯಿತು.

ಜಗಳೂರಿನಲ್ಲಿ ಪ್ಲಾಸ್ಟಿಕ್ ಬಿಚ್ಚಿದಾಗ ಹುಳಿ ವಾಸನೆ ಬಂತು. ಸೇತುವೆ ಎರಡು ಇಟ್ಟಿಗೆ ಹೊತ್ತುಕೊಂಡಿತು. ಮೂರನೆಯದು ಇಟ್ಟೊಡನೆ ಒಂದು ಕಾಲು ಸದ್ದಿಲ್ಲದೆ, ನಿದ್ದೆ ಬಂದ ಮಗುವಿನ ಹಾಗೆ ಮಡಿಚಿಕೊಂಡಿತು. ಅಷ್ಟೇ.

ಹಿಂದಿರುಗುವಾಗ ರಫೀಕ್ ಎಲ್ಲರಿಗೂ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಡಿಸಿದ. ಸವಿತಾ ಮುಟ್ಟಲಿಲ್ಲ.

"ಕಾಯಿ ಓರೆ ಒಡೀತಲ್ಲ ಸಾರ್, ಅದಕ್ಕೇ ಹಿಂಗಾತು. ನಂದೇ ತಪ್ಪು."

ನನಗೆ ತಡೆಯಲಾಗಲಿಲ್ಲ. "ಹಾಗಲ್ಲವ್ವ. ಕಾಯಿ ನೀರು ಕಾಲಿಗೆ ಬಿದ್ದಿತ್ತು. ಪ್ಲಾಸ್ಟಿಕ್ ಒಳಗೆ ಆರಲಿಲ್ಲ, ಅಂಟು ಬಿಟ್ಟುಕೊಂಡಿತು."

ಅವಳು ನನ್ನತ್ತ ತಿರುಗಿದಳು. "ನೀರು ಬಿದ್ರೆ ಹಿಂಗಾಗ್ತೈತೆ ಅಂತ ನಿಮಗೆ ಮೊದ್ಲೇ ಗೊತ್ತಿತ್ತಾ ಸಾರ್?"

"ಗೊತ್ತಿತ್ತು. ದೂರ ಒಡಿ ಅಂತ ಹೇಳಿದ್ನಲ್ಲ?"

"ಯಾವಾಗ ಹೇಳಿದೆ ಮಾರಾಯ?" ಎಂದಳು ಮಂಜುಳಾ. "ನೀನು ಫೋಟೊ ತೆಗೀತಿದ್ದೆ."

ಮೊಬೈಲ್ ತೆಗೆದು ನೋಡಿದೆ. ಸವಿತಾಳ ಎತ್ತಿದ ಕೈ, ಎರಡು ಹೋಳು, ಸೇತುವೆಯ ಕಾಲಿನತ್ತ ಬೀಳುತ್ತಿದ್ದ ನೀರು. ಒಳ್ಳೆಯ ಗಳಿಗೆಗೇ ಒತ್ತಿದ್ದೆ. ಎಚ್ಚರಿಸಲು ಬಾಯಿಗೂ ಆಗ ಬಿಡುವಿತ್ತೇ, ನೆನಪಾಗಲಿಲ್ಲ.

ನ್ಯಾಮತಿಯಲ್ಲಿ ಸವಿತಾ ಸೇತುವೆ ಹೊತ್ತು ಇಳಿದಳು. ನಾಲ್ಕು ಹೆಜ್ಜೆ ಹೋದವಳು ತಿರುಗಿ ನನ್ನ ಕಿಟಕಿಯ ಹತ್ತಿರ ಬಂದಳು.

"ನೀವು ಹೇಳಿರ್ತೀರಿ ಸಾರ್. ಗಲಾಟೆನಾಗೆ ನಂಗೇ ಕೇಳಿರಾಕಿಲ್ಲ. ಮುಂದಿನ್ ಸಲ ಜೋರಾಗಿ ಹೇಳ್ರಿ."

ಟೆಂಪೊ ತಿರುಗುವ ತನಕ ನೋಡಿದೆ. ಅವಳ ತಲೆಯ ಮೇಲೆ ಸೇತುವೆ, ಅದರ ಮುರಿದ ಕಾಲು ಬೆನ್ನ ಹಿಂದೆ ಜೋಲಾಡುತ್ತಿತ್ತು.