ತಮ್ಮನ ಕೀ

ಕಾರಿನ ಕೀ ಕಬ್ಬಿನ ಟ್ರ್ಯಾಕ್ಟರಿನ ಚಕ್ರಕ್ಕೆ ಸಿಕ್ಕಿದ್ದು ನನ್ನದೇ ದಡ್ಡತನದಿಂದ. ಪಂಚೆಯ ಸೊಂಟಕ್ಕೆ ಕೀ ಸಿಕ್ಕಿಸಿಕೊಂಡು ಗದ್ದೆಯಲ್ಲಿ ಓಡಾಡಬೇಡಿ ಎಂದು ಹೆಂಡತಿ ನೂರು ಸಲ ಹೇಳಿದ್ದಳು. ನಾನು ಯಾರ ಮಾತನ್ನೂ ಕೇಳುವ ಪೈಕಿ ಅಲ್ಲ. ಆ ಸೋಮವಾರ ಟ್ರ್ಯಾಕ್ಟರನ್ನು ಹಿಂದಕ್ಕೆ ತೆಗೆಸುತ್ತಾ, ಬಾ ಬಾ ಎಂದು ಕೈ ಬೀಸುತ್ತಿದ್ದಾಗ ಅದು ಯಾವಾಗ ಜಾರಿತೋ ಗೊತ್ತಾಗಲಿಲ್ಲ. ಚಕ್ರ ಸರಿದ ಮೇಲೆ ನೋಡಿದರೆ ಮಣ್ಣಿನಲ್ಲಿ ಅಪ್ಪಚ್ಚಿಯಾಗಿ ಬಿದ್ದಿತ್ತು. ಬಟನ್ನುಗಳಿದ್ದ ಕರಿಯ ಪ್ಲಾಸ್ಟಿಕ್ಕು ಪುಡಿಯಾಗಿತ್ತು, ಒಳಗಿನ ಹಸಿರು ಸರ್ಕ್ಯೂಟ್ ಬಿಲ್ಲೆ ಎರಡು ತುಂಡಾಗಿತ್ತು. ಕಬ್ಬಿಣದ ಕಡ್ಡಿಯೊಂದು ಸೊಟ್ಟಗೆ ಉಳಿದಿತ್ತು. ಅದನ್ನೇ ಒರೆಸಿ ನೆಟ್ಟಗೆ ಮಾಡಿ ಕಾರಿಗೆ ಹಾಕಿ ತಿರುಗಿಸಿದೆ. ಬಾಗಿಲು ತೆರೆಯಿತು, ಇಂಜಿನ್ನು ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಬೇರೆಯವರಾಗಿದ್ದರೆ ಇನ್ನೊಂದು ಕೀ ತೆಗೆದು ಸುಮ್ಮನಾಗುತ್ತಿದ್ದರು. ನಮ್ಮ ಕಾರಿಗೂ ಇನ್ನೊಂದು ಕೀ ಇತ್ತು. ಅದು ನನ್ನ ತಮ್ಮನ ಹತ್ತಿರ ಇತ್ತು. ತಮ್ಮನಿಗೂ ನನಗೂ ಮಾತು ನಿಂತು ಎರಡು ವರ್ಷವಾಗಿತ್ತು.

ಅವ್ವನನ್ನು ಮಂಡ್ಯದ ಆಸ್ಪತ್ರೆಗೆ ಕರೆದೊಯ್ಯಲೆಂದು ನಾವಿಬ್ಬರೂ ಸೇರಿ ತಂದಿದ್ದ ಹಳೆಯ ಕಾರು ಅದು. ಅವ್ವ ಹೋದಳು. ವರ್ಷ ತುಂಬುವುದರೊಳಗೆ ನಾವು ಜಗಳವಾಡಿಕೊಂಡೆವು. ಯಾವುದಕ್ಕೆ ಅಂದರೆ ಒಂದು ಬದುವಿಗೆ. ಅದರ ಮೇಲೆ ಮೂರು ಜಲ್ಲೆ ಕಬ್ಬು ನಿಲ್ಲುವಷ್ಟು ಜಾಗವೂ ಇಲ್ಲ. ಊರಿನ ಹಿರಿಯರು ಕೂತು ಪಾಲು ಮಾಡಿದರು. ಗದ್ದೆ ಪಾಲಾಯಿತು, ಬಂಡೂರು ಕುರಿಗಳು ಪಾಲಾದವು, ಹಂಡೆ ಕೊಪ್ಪರಿಗೆ ಪಾಲಾದವು. ಕಾರು ಮಾತ್ರ ಉಳಿಯಿತು. ಮಾರಿಬಿಡಿ ಎಂದರೆ ಇಬ್ಬರೂ ಒಪ್ಪಲಿಲ್ಲ. ಅವ್ವ ಕೂರುತ್ತಿದ್ದ ಸೀಟು ಅದರಲ್ಲಿತ್ತು ಎಂಬುದನ್ನು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

“ಕಾರ ಕುಯ್ದು ಅಂಚಾಕಾಯ್ತದಾ? ನಾಲೆ ನೀರ್ಗೆ ಸರದಿ ಆಕಾಕಿಲ್ವಾ, ಅಂಗೇ ಕಾರ್ಗೂ ಆಕ್ಬುಡಿ,” ಎಂದರು ಒಬ್ಬ ಹಿರಿಯರು. ಎಲ್ಲರಿಗೂ ಅದು ಸರಿ ಎನಿಸಿತು. ಭಾನುವಾರದಿಂದ ಬುಧವಾರದವರೆಗೆ ಕಾರು ನನ್ನದು, ಗುರುವಾರದಿಂದ ಶನಿವಾರದವರೆಗೆ ತಮ್ಮನದು. ಹಿರಿಯನೆಂದು ನನಗೆ ಒಂದು ದಿನ ಹೆಚ್ಚು. ಕೀ ಆಳಿಗೊಂದು.

ತಮ್ಮ ಹೆಂಡತಿ ಮಕ್ಕಳ ಸಮೇತ ಮಳವಳ್ಳಿಗೆ ಹೋಗಿ ಬಾಡಿಗೆ ಮನೆ ಹಿಡಿದ. ಅಲ್ಲೊಂದು ಶಾಲೆಯ ಆಫೀಸಿನಲ್ಲಿ ಅವನಿಗೆ ಕೆಲಸ. ನಮ್ಮೂರು ಕಿರುಗಾವಲಿನ ಪಕ್ಕ. ಪ್ರತಿ ಗುರುವಾರ ಬೆಳಿಗ್ಗೆ ಅವನು ಬಸ್ಸಿಳಿಯುವನು. ಹಾಲಿನ ಡೈರಿಯ ಮುಂದೆ ನಾನು ನಿಲ್ಲಿಸಿರುತ್ತಿದ್ದ ಕಾರನ್ನು ತನ್ನ ಕೀಯಿಂದ ತೆಗೆದು ಹೊರಡುವನು. ಐವತ್ತು ಹೆಜ್ಜೆ ದೂರದ ನಮ್ಮ ಮನೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಶನಿವಾರ ಸಂಜೆ ಅಲ್ಲೇ ತಂದು ನಿಲ್ಲಿಸಿ ಮತ್ತೆ ಬಸ್ಸು ಹತ್ತುವನು. ನಾನು ಕಿಟಕಿಯ ಹಿಂದೆ ನಿಂತು ನೋಡುತ್ತಿದ್ದೆ. ಸಣ್ಣಗಾಗಿದ್ದಾನೆ, ತಲೆ ನರೆತಿದೆ ಎಂದು ಲೆಕ್ಕ ಹಾಕುತ್ತಿದ್ದೆ. ಭಾನುವಾರ ಕಾರಿನಲ್ಲಿ ಕೂತರೆ ಸೀಟು ಮಾರುದ್ದ ಹಿಂದಕ್ಕೆ ಹೋಗಿರುತ್ತಿತ್ತು. ಒಂಟೆ ಕಾಲಿನವನು ಎಂದು ಬೈದುಕೊಂಡು ಅದನ್ನು ಮುಂದಕ್ಕೆ ಎಳೆದುಕೊಳ್ಳುತ್ತಿದ್ದೆ. ಹಾಗೆ ಬೈಯುವಾಗ ಒಳಗೊಳಗೇ ಖುಷಿಯಾಗುತ್ತಿತ್ತು ಎಂಬುದನ್ನು ಈಗ ಮುಚ್ಚಿಟ್ಟು ಏನು ಪ್ರಯೋಜನ.

ಕೀ ಪುಡಿಯಾದ ಮಾರನೆಯ ದಿನ ಮದ್ದೂರಿನಿಂದ ಕೀ ಮಾಡುವ ಸಾಬರು ಸ್ಕೂಟರಿನಲ್ಲಿ ಬಂದರು. ಈ ಸುತ್ತಿನಲ್ಲಿ ಕಾರಿನ ಕೀ ಕೆಲಸ ಬಲ್ಲವರು ಅವರೊಬ್ಬರೇ. ಡಿಕ್ಕಿಯಿಂದ ಲ್ಯಾಪ್‌ಟಾಪು ತೆಗೆದು ಸ್ಟೇರಿಂಗಿನ ಕೆಳಗೆ ವೈರು ಸಿಕ್ಕಿಸಿ, ನನ್ನ ಮುಖ ನೋಡಿದರು.

“ಇನ್ನೊಂದು ಕೀ ತನ್ನಿ ಅಣ್ಣ.”

“ಯಾಕೆ?”

“ಹೊಸ ಕೀ ಕೋಡಿಂಗ್ ಮಾಡಿದ್ರೆ ಗಾಡಿ ನೆನಪಿಂದ ಹಳೇ ಕೀ ಎಲ್ಲ ಅಳಿಸೋಯ್ತವೆ. ಎಲ್ಡೂ ಒಟ್ಗೆ ಇಟ್ಟು ಮಾಡ್ಬೇಕು. ಇಲ್ದಿದ್ರೆ ಆ ಕೀನಲ್ಲಿ ಬಾಗ್ಲು ತಗೀಬೋದು, ಗಾಡಿ ಸ್ಟಾರ್ಟ್ ಆಗಕಿಲ್ಲ.”

ಒಂದು ಫೋನು ಮಾಡಿದ್ದರೆ ಮುಗಿಯುತ್ತಿತ್ತು. ಫೋನು ಅಂಗಿಯ ಜೇಬಿನಲ್ಲೇ ಇತ್ತು, ನಂಬರು ಬಾಯಿಗೇ ಬರುತ್ತಿತ್ತು. ಆದರೆ ಮೊದಲು ಮಾತಾಡಿದವನು ಸೋತಹಾಗೆ ಎಂಬ ಹಾಳು ಹಟ ನನಗೆ. ಅದರ ಜೊತೆಗೇ ಇನ್ನೊಂದು ಯೋಚನೆಯೂ ಹೊಳೆಯಿತು. ಅವನ ಕೀ ನಿಂತುಹೋಗಲಿ. ಗುರುವಾರ ಬಂದಾಗ ಕಾರು ಸ್ಟಾರ್ಟ್ ಆಗದೆ ಹೋದರೆ, ಯಾಕಣ್ಣ ಎಂದು ಕೇಳಲು ನಮ್ಮ ಬಾಗಿಲಿಗೆ ಬರಲೇಬೇಕಲ್ಲ. ಆಗ ಒಳಗೆ ಕರೆದು ಕೂರಿಸಿದರಾಯಿತು. ನನ್ನ ತಲೆ ಎಷ್ಟು ಚುರುಕು ಎಂದು ನನಗೇ ಮೆಚ್ಚಿಗೆಯಾಯಿತು.

“ಇನ್ನೊಂದು ಕೀ ಇಲ್ಲ,” ಎಂದೆ.

“ಯಾರತ್ರಾನೂ ಇಲ್ವಾ? ಮನೇಲಿ ಅಣ್ಣ ತಮ್ಮ ಯಾರೂ ಓಡ್ಸಕಿಲ್ವಾ?”

“ಇನ್ಯಾರೂ ಇಲ್ಲ ಬುಡಿ ಸಾಬ್ರೆ. ನಾನೊಬ್ನೇ.”

ಅವರು ಮತ್ತೊಮ್ಮೆ ಯೋಚಿಸಿ ಹೇಳಿ ಎಂದರು. ಮಾಡಿ ಮಾಡಿ ಎಂದು ನಾನೇ ಅವಸರಪಡಿಸಿದೆ. ಕಾಫಿ ಕುಡಿಯುವಷ್ಟರಲ್ಲಿ ಕೆಲಸ ಮುಗಿದೇಹೋಯಿತು.

ಗುರುವಾರ ಬೆಳಿಗ್ಗೆ ಎಂದಿನಂತೆ ತಮ್ಮ ಬಸ್ಸಿಳಿದ. ಬಟನ್ನು ಒತ್ತಿದ, ಕಾರು ಕೂಗಲಿಲ್ಲ. ಕೀ ತಿರುಗಿಸಿ ಬಾಗಿಲು ತೆಗೆದು ಒಳಗೆ ಕೂತ. ಸ್ಟಾರ್ಟ್ ಮಾಡಿದ, ಇನ್ನೊಮ್ಮೆ ಮಾಡಿದ. ಇಳಿದು ಬಾನೆಟ್ಟು ಎತ್ತಿ ಬ್ಯಾಟರಿಯ ವೈರು ಅಲ್ಲಾಡಿಸಿದ. ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಈಗ ಬರುತ್ತಾನೆ, ಈಗ ಬಂದ ಎಂದುಕೊಂಡು, ಎರಡು ಲೋಟ ಕಾಫಿಗೆ ಇಡು ಎಂದು ಹೆಂಡತಿಗೆ ಕೂಗಿ ಹೇಳಿ, ಒಗೆದ ಅಂಗಿ ಹಾಕಿಕೊಳ್ಳಲು ಒಳಗೆ ಹೋದೆ. ಗುಂಡಿ ಹಾಕುತ್ತಾ ಬಾಗಿಲಿಗೆ ಬಂದರೆ ಮಳವಳ್ಳಿ ಬಸ್ಸು ಹೊರಟುಹೋಗಿತ್ತು. ಡೈರಿಯ ಮುಂದೆ ಬೀಗ ಹಾಕಿದ ಕಾರು ನಿಂತಿತ್ತು. ತಮ್ಮ ಇರಲಿಲ್ಲ.

“ನಾಕೆಜ್ಜೆ ಓಗಿ ಮಾತಾಡ್ಸಿದ್ರೆ ನಿಮ್ ಕಿರೀಟ ಬಿದ್ದೋಯ್ತಿತ್ತಾ?” ಎಂದಳು ಹೆಂಡತಿ. ಎರಡನೆಯ ಲೋಟದ ಕಾಫಿಯನ್ನು ಅವಳೇ ಕುಡಿದಳು.

ಶನಿವಾರ ಸಾಬರ ಫೋನು ಬಂತು. ತಮ್ಮ ತನ್ನ ಕೀಯಲ್ಲೇ ಏನೋ ತೊಂದರೆ ಎಂದುಕೊಂಡು, ರಿಪೇರಿ ಮಾಡಿಸಲು ಮದ್ದೂರಿಗೆ ಅವರ ಅಂಗಡಿಗೇ ಹೋಗಿದ್ದನಂತೆ. ಕಾರಿನ ನಂಬರು ಹೇಳಿದ ಕೂಡಲೇ ಸಾಬರಿಗೆ ನೆನಪಾಗಿದೆ. ಈ ಗಾಡಿಗೆ ಮೊನ್ನೆ ನಾನೇ ಕೀ ಮಾಡಿಕೊಟ್ಟೆನಲ್ಲ, ಇನ್ನೊಂದು ಕೀ ಇಲ್ಲ, ಇನ್ಯಾರೂ ಇಲ್ಲ, ನಾನೊಬ್ಬನೇ ಎಂದರಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಿದ್ದಾರೆ.

“ನಾನು ಅವ್ರ್ ತಮ್ಮ ಅಂದ್ರು ಅಣ್ಣ, ಅಷ್ಟೇಯ. ಕೀನ ಮೇಜಿನ ಮೇಲೆ ಮಡಗ್ಬುಟ್ಟು ಓಂಟೋದ್ರು. ಒಡಹುಟ್ಟಿದ ತಮ್ಮ ಅವ್ನೆ ಅಂತ ಒಂದು ಮಾತು ಯೋಳ್ಬಾರ್ದಿತ್ತಾ ನೀವು? ನನ್ ಬಾಯಲ್ಲಿ ಯೋಳ್ಸಿಬುಟ್ರಲ್ಲ.”

ಆ ಕೀಯನ್ನು ತಂದು ಮತ್ತೆ ಸರಿಮಾಡಿಕೊಡಿ ಎಂದು ಬೇಡಿಕೊಂಡೆ. ಸೋಮವಾರ ಬಂದು, ಎರಡೂ ಕೀ ಒಟ್ಟಿಗೆ ಇಟ್ಟು ಮಾಡಿಕೊಟ್ಟರು. ತಮ್ಮನ ಕೀ ಒತ್ತಿದಾಗ ಕಾರು ಕೂಗಿತು. ಬುಧವಾರ ನಾನೇ ಕಾರು ತೆಗೆದುಕೊಂಡು ಮಳವಳ್ಳಿಗೆ ಹೋದೆ. ಅವನ ಮನೆಗೆ ಅದು ನನ್ನ ಮೊದಲ ಹೆಜ್ಜೆ. ಬೀದಿಯಲ್ಲಿ ಇಬ್ಬರನ್ನು ಕೇಳಿಕೊಂಡು ಹೋಗಬೇಕಾಯಿತು, ನಾಚಿಕೆಯಾಯಿತು.

ಬಾಗಿಲು ತೆಗೆದವನು ಅವನೇ.

“ಬನ್ನಿ,” ಎಂದ.

ನಮ್ಮ ಮನೆಯಲ್ಲಿ ಅಣ್ಣನಿಗೂ ನೀನು ಅನ್ನುವುದೇ, ಅಪ್ಪನಿಗೂ ನೀನು ಅನ್ನುವುದೇ. ಬಹುವಚನ ಏನಿದ್ದರೂ ಬ್ಯಾಂಕಿನವರಿಗೆ, ಬೀಗರಿಗೆ. ಬದುವಿನ ಜಗಳದ ದಿನ ಕೂಡ ಅವನು, ನಿನ್ ಮಕ ನೋಡಕಿಲ್ಲ ಓಗು ಎಂದಿದ್ದ. ಆ ಮಾತು ಆಗ ಇಷ್ಟು ನೋಯಿಸಿರಲಿಲ್ಲ.

“ಕೂತ್ಕಳಿ. ಕಾಪಿ ಕುಡೀತೀರಾ?”

ಕೀ ತೆಗೆದು ಅವನ ಮುಂದೆ ಇಟ್ಟೆ. “ಸರಿ ಮಾಡ್ಸಿವ್ನಿ ಕಣ್ಲಾ. ನಾಳೆ ನಿನ್ ಸರದಿ, ಇವತ್ತೇ ಮಡಿಕ್ಕೊ.”

“ಬ್ಯಾಡಿ. ನೀವೇ ಇಟ್ಕಳಿ.”

“ಇನ್ಯಾರೂ ಇಲ್ಲ ಅಂದಿದ್ದು ಕೀ ವಿಸ್ಯಕ್ಕೆ ಕಣ್ಲಾ. ನಿನ್ ವಿಸ್ಯಕ್ಕಲ್ಲ.”

ಅವನು ಒಳಗಿನಿಂದ ಕಾಫಿ ತಂದಿಟ್ಟ. “ಪ್ರತಿ ಗುರುವಾರ ಬಸ್ ಇಳ್ದಾಗ್ಲೂ, ಮನೇಗ್ ಬರಾಕೆ ಏನಾರ ಒಂದು ನೆಪ ಸಿಕ್ಕೀತಾ ಅಂತಿದ್ದೆ. ಕೀ ತಗಂಡ್ ಬಾ ಅಂತ ನೀವು ಒಂದು ಫೋನ್ ಮಾಡಿದ್ರೆ ಓಡ್ಬತ್ತಿದ್ದೆ. ಯಾರೂ ಇಲ್ಲ ಅಂದ್ಬುಟ್ರಿ.”

“ನಾನೂ ಕಾಯ್ತಿದ್ದೆ ಕಣ್ಲಾ, ಕಿಟಕೀಲಿ,” ಎಂದೆ. ಅವನು ನಂಬಲಿಲ್ಲ. ಕಾಫಿ ಕುಡಿದೆ. ಕೀ ಇಟ್ಟಲ್ಲೇ ಇತ್ತು, ಅದನ್ನು ಎತ್ತಿ ನನ್ನ ಕೈಗೆ ಕೊಟ್ಟ.

ಗೇಟಿನವರೆಗೂ ಬಂದ. ನಾನು ಕಾರಿಗೆ ಹತ್ತಿ, ಗಾಜು ಇಳಿಸಿ, ಅವನ ಕಡೆ ನೋಡಿದೆ.

“ಉಸಾರಾಗಿ ಓಗಿ,” ಎಂದ.

ಓಗು ಎಂದು ತಿದ್ದಿಕೊಳ್ಳುತ್ತಾನೇನೋ ಎಂದು, ಕನ್ನಡಿ ಸರಿಮಾಡುವವನ ಹಾಗೆ ಸ್ವಲ್ಪ ಹೊತ್ತು ತಡಮಾಡಿದೆ. ಅವನು ಗೇಟಿನ ಚಿಲಕ ಹಾಕಿ, ಬೀಗರನ್ನು ಕಳಿಸುವವರಂತೆ ಕೈಕಟ್ಟಿಕೊಂಡು, ನಾನು ಹೊರಡುವವರೆಗೂ ಮರ್ಯಾದೆಯಿಂದ ನಿಂತಿದ್ದ.