ಸುತ್ತಿಗೆಯ ಕೆಳಗಿನ ಕೈ

ನಮ್ಮ ಅತ್ತೆಗೆ ತಮ್ಮ ತಲೆ ತಾವೇ ಬಾಚಿಕೊಳ್ಳಲು ಬರುವುದಿಲ್ಲ. ಬಲತೋಳು ಎದೆಯ ಮಟ್ಟಕ್ಕೆ ಬಂದು ನಿಂತುಬಿಡುತ್ತದೆ. ಎಡಗೈ ಒಂದರಿಂದ ತುರುಬು ಕಟ್ಟುವುದು ಆಗದ ಮಾತು. ಬೆಳಿಗ್ಗೆ ಚಹಾ ಆದ ಮೇಲೆ ಅವರು ಕುಲುಮೆಯ ಮುಂದಿನ ಸ್ಟೂಲಿನ ಮೇಲೆ ನನಗೆ ಬೆನ್ನು ಮಾಡಿ ಕೂರುತ್ತಾರೆ. ನಾನು ಹಿಂದೆ ನಿಂತು ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ತುರುಬು ಕಟ್ಟುತ್ತೇನೆ. ಮದುವೆಯಾಗಿ ಮುದ್ದೇಬಿಹಾಳಕ್ಕೆ ಬಂದ ವರ್ಷದಿಂದ ಇದು ನನ್ನ ಪಾಲಿನ ಕೆಲಸ. ಮೊದಮೊದಲು ಗೊಣಗುತ್ತಿದ್ದೆ. ಸೊಸೆ ಹೊಸ್ತಿಲು ದಾಟಿದ ಕೂಡಲೇ ಅತ್ತೆಯರಿಗೆ ಇಲ್ಲದ ರೋಗಗಳೆಲ್ಲ ಬರುತ್ತವೆ ಎಂದು ತವರೂರು ಮಸೂತಿಯಲ್ಲಿರುವ ನನ್ನವ್ವನಿಗೆ ಫೋನಿನಲ್ಲಿ ಚಾಡಿ ಹೇಳಿದ್ದೂ ಉಂಟು.

ನಮ್ಮದು ಕಂಬಾರಿಕೆಯ ಮನೆ. ಗಂಡಸು ಅಡಿಗಲ್ಲಿನ ಮುಂದೆ ಕೂರುತ್ತಾನೆ. ಎಡಗೈಯ ಇಕ್ಕಳದಲ್ಲಿ ಕಾದ ಕಬ್ಬಿಣವನ್ನು ಅಡಿಗಲ್ಲಿನ ಮೇಲೆ ಹಿಡಿದು, ಬಲಗೈಯ ಸಣ್ಣ ಸುತ್ತಿಗೆಯಿಂದ ಪೆಟ್ಟು ಎಲ್ಲಿ ಬೀಳಬೇಕೋ ಅಲ್ಲಿ ಮುಟ್ಟಿ ತೋರಿಸುತ್ತಾನೆ. ಎದುರಿಗೆ ನಿಂತು ದೊಡ್ಡ ಸುತ್ತಿಗೆ ಹಾಕುವವಳು ಹೆಂಡತಿ. ಕೊಡಲಿ ತಂದ ಗಿರಾಕಿಗಳಿಗೆ ಇದೊಂದು ತಮಾಷೆ.

"ಏನ್ ತಂಗಿ, ಮನ್ಯಾಗೂ ಗಂಡಗ ಹಿಂಗ ಹಾಕತಿಯೇನ?" ಎನ್ನುತ್ತಾರೆ.

"ಮನ್ಯಾಗಿನ ಸುತ್ತಿಗಿ ಸಣ್ಣದೈತ್ರಿ ಕಾಕಾ," ಎನ್ನುತ್ತೇನೆ ನಾನು. ನನ್ನ ಬಾಯಿ ಸುಮ್ಮನಿರುವ ಜಾತಿಯದಲ್ಲ.

ಕರೆಂಟಿನ ಸುತ್ತಿಗೆ ಇಟ್ಟವರ ಕಡೆಗೆ ದೊಡ್ಡ ಕೆಲಸವೆಲ್ಲ ಹೋಗಿ ಎಷ್ಟೋ ಕಾಲವಾಯಿತು. ಅವರು ಕೈಯಿಂದ ಮುಟ್ಟದ ಚಿಲ್ಲರೆ ಕೆಲಸ ನಮ್ಮದು: ಕುಡಗೋಲು, ಸಲಿಕೆ, ಕೊಡಲಿ, ಬಿತ್ತನೆಗೆ ಮುಂಚೆ ಎಲ್ಲರಿಗೂ ಒಟ್ಟಿಗೇ ನೆನಪಾಗುವ ಕುಂಟೆಯ ಅಲಗು. ಅದನ್ನೇ ನಂಬಿ ಮಾವ ಬದುಕಿದರು, ಈಗ ನಾವು ಬದುಕುತ್ತಿದ್ದೇವೆ. ಮಾವ ತೀರಿಕೊಂಡ ಮೇಲೆ ಇಕ್ಕಳ ನಮ್ಮವರ ಕೈಗೆ ಬಂತು. ಸುತ್ತಿಗೆ ಮಾತ್ರ ಅತ್ತೆಯ ಕೈಯಲ್ಲೇ ಉಳಿಯಿತು, ಹೆಗಲು ಹೋಗುವವರೆಗೆ.

ಆ ಹೆಗಲು ತೋರಿಸಲು ನಾನೇ ಅವರನ್ನು ಬಸವನ ಬಾಗೇವಾಡಿಗೆ ಕರೆದುಕೊಂಡು ಹೋಗಿದ್ದೆ, ಮದುವೆಯಾದ ಹೊಸದರಲ್ಲಿ. ಎಲುಬಿನ ಡಾಕ್ಟರ ಬಳಿ ಪಾಳಿ ಹಚ್ಚಿ ಬೆಂಚಿನ ಮೇಲೆ ಕುಳಿತಿದ್ದೆವು. ಗೋಡೆಯ ಟೀವಿಯಲ್ಲಿ ಸದ್ದು ಬಂದ್ ಮಾಡಿ ಯಾವುದೋ ಗಾಲ್ಫ್ ಆಟ ಹಚ್ಚಿದ್ದರು. ಅತ್ತೆ ಅಂಥ ಆಟ ಹುಟ್ಟಿದಾಗಿನಿಂದ ನೋಡಿರಲಿಲ್ಲ.

"ಇಷ್ಟ ಹುಲ್ಲ ಬೆಳಸ್ಯಾರ, ಒಂದ ಎಮ್ಮಿನೂ ಬಿಟ್ಟಿಲ್ಲಲ್ಲ," ಎಂದರು.

ನಾನು ನಕ್ಕೆ. ಅವರು ನಗಲಿಲ್ಲ, ಮುಂದೆ ಬಾಗಿ ನೋಡತೊಡಗಿದರು. ಇಬ್ಬರು ಆಟಗಾರರನ್ನು ಒಬ್ಬರಾದ ಮೇಲೆ ಒಬ್ಬರಂತೆ ತೋರಿಸುತ್ತಿದ್ದರು. ದಪ್ಪಗಿದ್ದವನು ಹಲ್ಲು ಕಚ್ಚಿ, ಹೆಗಲು ಬಿಗಿದು, ತೋಳಿನ ಕಸುವಿನಿಂದ ಚೆಂಡಿಗೆ ಅಪ್ಪಳಿಸುತ್ತಿದ್ದ. ತೆಳ್ಳಗಿದ್ದವನು ಸೊಂಟ ತಿರುಗಿಸುತ್ತಿದ್ದ, ಅಷ್ಟೇ. ಕೋಲು ತನ್ನ ಭಾರಕ್ಕೆ ತಾನೇ ಇಳಿದು, ಚೆಂಡು ಮುಟ್ಟಿ, ಅವನ ಕತ್ತಿನ ಹಿಂದೆ ಹೋಗಿ ನಿಲ್ಲುತ್ತಿತ್ತು.

"ಆ ದಪ್ಪನ್ನಾಂವ ಹೊಡ್ಯಾಕತ್ತಾನ. ಈ ತೆಳ್ಳನ್ನಾಂವ ಬೀಸಾಕತ್ತಾನ," ಎಂದರು ಅತ್ತೆ. "ಹೊಡಿಯಾಂವನ ಹೆಗಲ ಬಾಳ ದಿನ ಬಾಳಂಗಿಲ್ಲ. ನನ್ನಂಗ ಬಂದ ಇಲ್ಲೇ ಕುಂದರತಾನ."

"ಅಷ್ಟ ಗೊತ್ತಿದ್ರ ನೀವ್ಯಾಕ ಬೀಸಲಿಲ್ರಿ ಅತ್ತಿ?" ಎಂದೆ. ಕೆಣಕಲೆಂದೇ ಕೇಳಿದ್ದೆ.

ಅವರು ಟೀವಿಯಿಂದ ಕಣ್ಣು ತೆಗೆಯಲಿಲ್ಲ. "ಅವರ ಕೋಲಿನ ಕೆಳಗ ಚೆಂಡ ಐತಿ. ನನ್ನ ಸುತ್ತಿಗಿ ಕೆಳಗ ನಿಮ್ಮ ಮಾವನ ಕೈ ಇತ್ತು."

ಮರಳುವ ಬಸ್ಸಿನಲ್ಲಿ ಅದನ್ನು ಬಿಡಿಸಿ ಹೇಳಿದರು. ಸುತ್ತಿಗೆಯನ್ನು ಹೆಗಲವರೆಗೆ ಎತ್ತಿ ತೋಳಿನಿಂದ ಹೊಡೆದರೆ ಅದು ಕೊನೆಯವರೆಗೂ ನಿನ್ನ ಹಿಡಿತದಲ್ಲಿರುತ್ತದೆ. ಬೇಡವೆಂದರೆ ನಡುವೆಯೇ ನಿಲ್ಲಿಸಬಹುದು. ಆದರೆ ಒಂದೊಂದು ಪೆಟ್ಟೂ ಹೆಗಲನ್ನು ತಿನ್ನುತ್ತದೆ. ಕಾಲ ಬಳಿಯಿಂದ ಸುತ್ತು ಹಾಕಿ ತಲೆಯ ಮೇಲಿಂದ ಬೀಸಿದರೆ ಹೆಗಲಿಗೆ ನೋವಿಲ್ಲ, ಪೆಟ್ಟೂ ಜೋರು. ಆದರೆ ತಲೆ ದಾಟಿದ ಸುತ್ತಿಗೆ ಯಾರ ಮಾತೂ ಕೇಳುವುದಿಲ್ಲ. ಅತ್ತೆ ತವರಿನಲ್ಲಿ ಬೀಸುವುದನ್ನೇ ಕಲಿತವರು. ಈ ಮನೆಗೆ ಬಂದು, ಮಾವನ ಕೈ ಅಡಿಗಲ್ಲಿನ ಮೇಲೆ ಆಡುವುದನ್ನು ನೋಡಿ, ಹೆದರಿ ಹೊಡೆಯುವುದಕ್ಕೆ ಬದಲಾಯಿಸಿಕೊಂಡರು. ಮಾವನಿಗೆ ಕೈ ಎಲ್ಲೆಂದರಲ್ಲಿ ಚಾಚುವ ಚಟವಂತೆ. ಎಷ್ಟೋ ಸಲ ಅವರ ಮಣಿಕಟ್ಟಿನ ಮೇಲೆ ಗೇಣಿನಷ್ಟು ಎತ್ತರದಲ್ಲಿ ಸುತ್ತಿಗೆ ನಿಲ್ಲಿಸಿದ್ದಾರಂತೆ.

"ಸತ್ತಾಗ ಹತ್ತೂ ಬೆರಳ ನೆಟ್ಟಗಿದ್ದವು," ಎಂದರು. ಅಷ್ಟು ಹೆಮ್ಮೆಯಿಂದ ಅವರು ಬೇರೇನನ್ನೂ ಹೇಳಿದ್ದು ನನಗೆ ನೆನಪಿಲ್ಲ.

ಡಾಕ್ಟರು ಹೆಗಲೊಳಗಿನ ಸ್ನಾಯು ಹರಿದಿದೆ, ಈ ವಯಸ್ಸಿಗೆ ಹೊಲಿದರೂ ನಿಲ್ಲುವುದಿಲ್ಲ, ಸುತ್ತಿಗೆಯ ಮಾತೇ ಬೇಡ ಎಂದಿದ್ದರು. ಹಾಗಾಗಿ ಮರುದಿನ ಸುತ್ತಿಗೆ ನನ್ನ ಕೈಗೆ ಬಂತು. ನಾನು ಪಿಯುಸಿ ಓದಿದವಳು, ಮಸೂತಿಯಲ್ಲಿ ನಮ್ಮಪ್ಪ ಕುಲುಮೆ ಬಿಟ್ಟು ವೆಲ್ಡಿಂಗ್ ಹಿಡಿದಿದ್ದರಿಂದ ಸುತ್ತಿಗೆ ಎತ್ತಿದವಳಲ್ಲ. ಅತ್ತೆ ಪಕ್ಕದಲ್ಲಿ ನಿಂತು, ಕಾಲು ಎಲ್ಲಿಡಬೇಕು, ಸೊಂಟ ಎಷ್ಟು ತಿರುಗಬೇಕು, ಬಲಗೈ ಹಿಡಿಕೆಯ ಮೇಲೆ ಹೇಗೆ ಜಾರಬೇಕು ಎಂದು ಹೇಳಿಕೊಟ್ಟರು. ಅವರು ಕಲಿಸಿದ್ದು ಬೀಸುವುದನ್ನು.

ನಾನು ತಡೆದು ಕೇಳಿದೆ. "ಮತ್ತ ಇವರ ಕೈ?"

"ಅಂವಗ ನಾ ಹೇಳತೇನಿ. ಸುತ್ತಿಗಿ ಬೀಳೂತನಾ ಕೈ ಮುಂದ ತರಬ್ಯಾಡ ಅಂತೇನಿ."

"ಮರತ್ರ?"

ಅವರು ಎಡಗೈಯಿಂದ ಕೆಂಡ ಕೆದಕಿದರು. "ನನ್ನ ತಲಿ ನೀ ಬಾಚತಿ. ನಿನ್ನ ತಲಿ ಯಾರ ಬಾಚತಾರ?" ಎಂದು ಒಳಗೆ ಹೋದರು.

ನಮ್ಮವರು ಮರೆಯುವ ಜಾತಿಯವರಲ್ಲ. ತಾಯಿ ಹೇಳಿದ್ದನ್ನು ಕಿವಿಗೊಟ್ಟು ಕೇಳಿದರು, ಹಾಗೆಯೇ ನಡೆದರು. ಸುತ್ತಿಗೆ ನನ್ನ ತಲೆ ದಾಟಿತೆಂದರೆ ಅವರ ಕೈ ಕಲ್ಲಿನಂತೆ ಒಂದೇ ಕಡೆ ನಿಲ್ಲುತ್ತಿತ್ತು. ನಾನೂ ಪಳಗಿದೆ. ಬೀಸುವುದರಲ್ಲಿ ಒಂದು ಸುಖವಿದೆ, ಅದನ್ನು ಯಾಕೆ ಮುಚ್ಚಿಡಲಿ. ಮೈಯೆಲ್ಲ ಹಗುರಾಗಿ, ಕಬ್ಬಿಣ ರೊಟ್ಟಿಯ ಹಿಟ್ಟಿನಂತೆ ಹರಡಿಕೊಳ್ಳುತ್ತಿತ್ತು. ಮರುದಿನ ಬೆಳಿಗ್ಗೆ ಕೈ ಎತ್ತಿ ಅತ್ತೆಯ ತಲೆ ಬಾಚಿದರೂ ಒಂದಿಷ್ಟೂ ನೋವಿರುತ್ತಿರಲಿಲ್ಲ. ಹೀಗೆ ಕೆಲವು ವರ್ಷ ನಡೆಯಿತು.

ಅದು ಬಿತ್ತನೆಗೆ ಮುಂಚಿನ ಗದ್ದಲದ ದಿನ. ಕುಂಟೆಯ ಅಲಗು ತಂದ ರೈತನೊಬ್ಬ ಬರಿಗಾಲಿನಲ್ಲಿ ಅಡಿಗಲ್ಲಿಗೆ ತೀರ ಹತ್ತಿರ ಕುಕ್ಕುರುಗಾಲಿನಲ್ಲಿ ಕುಳಿತಿದ್ದ. ನಾನು ಬೀಸಿದೆ. ಸುತ್ತಿಗೆ ತಲೆಯ ಮೇಲಿದ್ದಾಗ ಕೆಂಪಗೆ ಕಾದ ಅಲಗು ಇಕ್ಕಳದಿಂದ ಸರಿದು ಅವನ ಪಾದದ ಕಡೆಗೆ ವಾಲಿತು. ಅದನ್ನು ಹಿಡಿಯಲು ನಮ್ಮವರು ಇಕ್ಕಳದ ಸಮೇತ ಎಡಗೈಯನ್ನು ಅಡಿಗಲ್ಲಿನ ಮೇಲೆ ಚಾಚಿದರು. ನಾನು ನೋಡಿದೆ. ನೋಡಿದ್ದೊಂದೇ ಬಂತು. ಮೈಯಲ್ಲಿದ್ದ ಕಸುವನ್ನೆಲ್ಲ ಹಾಕಿ ತಡೆದೆ, ಸುತ್ತಿಗೆ ಸ್ವಲ್ಪ ಪಕ್ಕಕ್ಕೆ ಹೊರಳಿತು, ಅಷ್ಟೇ. ಆ ಸಪ್ಪಳದ ಬಗ್ಗೆ ನಾನು ಬರೆಯುವುದಿಲ್ಲ.

ವಿಜಯಪುರದ ಆಸ್ಪತ್ರೆಯಲ್ಲಿ ನಡುವಿನ ಎರಡು ಬೆರಳು ತೆಗೆದರು. ಉಳಿದವು ಇವೆ, ಮಡಚುವುದಿಲ್ಲ. ಎಚ್ಚರವಾದ ಮೇಲೆ ನಮ್ಮವರು ನನ್ನನ್ನು ಬೈಯಲಿಲ್ಲ. ಬ್ಯಾಂಡೇಜು ನೋಡಿ, "ಸುತ್ತಿಗಿ ಯವ್ವನ ಕೈಯಾಗ ಇದ್ದಿದ್ರ ನಿಲ್ಲಸ್ತಿದ್ಲು," ಎಂದರು. ಆಗ ನನಗೆ ತಿಳಿಯಿತು. ಚಿಕ್ಕಂದಿನಿಂದ ಅಪ್ಪನ ಕೈ ನೋಡಿ ಬೆಳೆದವರು, ದೊಡ್ಡವರಾದ ಮೇಲೆ ತಾಯಿಯ ಸುತ್ತಿಗೆಯ ಕೆಳಗೆ ಇಕ್ಕಳ ಹಿಡಿದವರು. ಕೈ ಚಾಚಿದರೆ ಸುತ್ತಿಗೆ ನಿಲ್ಲುತ್ತದೆ ಎಂಬುದು ಅವರ ಕೈಗೆ ರೂಢಿಯಾಗಿತ್ತು. ಬುದ್ಧಿ ಹೊಸದನ್ನು ಕಲಿತಿತ್ತು, ಕೈ ಕಲಿತಿರಲಿಲ್ಲ.

ಸಿಂದಗಿಯಿಂದ ನನ್ನ ನಾದಿನಿ ನೋಡಲು ಬಂದರು. ಮನೆಯ ಪಡಸಾಲೆಯಲ್ಲಿ ಎಲ್ಲರೆದುರು, "ಹೇಣ್ತಿ ಆಗಿ ಗಂಡನ ಕೈ ತಿಂದ್ಲು," ಎಂದು ಅತ್ತರು. ಅತ್ತೆ ಎದ್ದು ಬಂದು ನನ್ನ ಮುಂದೆ ನಿಂತರು.

"ಆಕಿಗೇನೂ ಅನಬ್ಯಾಡ. ಬೀಸಾಕ ಕಲಿಸಿದಾಕಿ ನಾ. ಹಿಂಗ ಆಗಬಹುದಂತ ಗೊತ್ತಿದ್ದ ಕಲಿಸೇನಿ."

"ನಿನ್ನ ಮಗನ ಕೈಕಿಂತ ಸೊಸಿ ಹೆಗಲ ಹೆಚ್ಚಾತೇನ ನಿನಗ?"

"ಬೀಸಿದ್ರ ಕೈ ಹೋದ್ರ ಹೋಗಬಹುದು, ಹೋಗದನೂ ಇರಬಹುದು," ಎಂದರು ಅತ್ತೆ. "ಹೊಡದ್ರ ಹೆಗಲ ಹೋಗೂದು ಖರೇನ."

ನಮ್ಮವರು ಗೋಡೆಯ ಕಡೆಗೆ ಹೊರಳಿ ಮಲಗಿದರು. ಆ ಮಳೆಗಾಲವೆಲ್ಲ ತಾಯಿಯೊಡನೆ ಮಾತಾಡಲಿಲ್ಲ. ನನಗೂ ಅತ್ತೆಯ ಮೇಲೆ ಕೆಟ್ಟ ಸಿಟ್ಟು ಬಂದಿತ್ತು. ಯಾರು ಕೇಳಿದ್ದರು ಅವರನ್ನು, ನನ್ನನ್ನು ಅಷ್ಟು ಪ್ರೀತಿಸಿ ಎಂದು? ಬೆಳಿಗ್ಗೆ ಅವರ ತಲೆ ಬಾಚುವಾಗ ಬೇಕೆಂದೇ ಸಿಕ್ಕು ಜೋರಾಗಿ ಎಳೆಯುತ್ತಿದ್ದೆ. ಅವರು ಒಂದು ದಿನವೂ ಹಾ ಎನ್ನಲಿಲ್ಲ.

ಕುಲುಮೆ ತಣ್ಣಗಾಗಿ ಕುಳಿತಿತ್ತು. ಇಕ್ಕಳ ಹಿಡಿಯುವ ಕೈ ಇರಲಿಲ್ಲ. ಇಂಥ ಕೈಕೆಲಸಕ್ಕೆ ಹೊರಗಿನವರು ಯಾರೂ ಬರುವುದಿಲ್ಲ. ಒಂದು ದಿನ ಅತ್ತೆ ತಾವೇ ಕೆಂಡ ಮಾಡಿ, ಅಡಿಗಲ್ಲಿನ ಮುಂದೆ ಕುಳಿತು, ಇಕ್ಕಳ ಕೈಗೆ ತೆಗೆದುಕೊಂಡರು. ತೋಳು ಏಳದಿದ್ದರೂ ಮೊಳಕೈಯಿಂದ ಕೆಳಗಿನ ಹಿಡಿತ ಗಟ್ಟಿಯಿತ್ತು. "ನೀ ಸಣ್ಣ ಸುತ್ತಿಗಿಲೆ ತೋರಸ," ಎಂದರು ಮಗನಿಗೆ. ನನಗೆ, "ನೀ ಬೀಸ."

ನಮ್ಮವರು ಬಹಳ ಹೊತ್ತು ಬಾಗಿಲಲ್ಲೇ ನಿಂತಿದ್ದರು. ಆಮೇಲೆ ಬಂದು ತಾಯಿಯ ಪಕ್ಕದಲ್ಲಿ ಕುಳಿತರು. "ಕೈ ಹಿಂದಕ್ಕ ಇಟ್ಗೊ ಯವ್ವಾ," ಎಂದರು. ಮಳೆಗಾಲದ ನಂತರ ತಾಯಿಗೆ ಆಡಿದ ಮೊದಲ ಮಾತು ಅದು.

ಆ ದಿನದಿಂದ ನಾನು ಬೀಸಿಲ್ಲ. ಬೀಸಿದಂತೆ ಮಾಡುತ್ತೇನೆ. ಕಾಲ ಬಳಿಯಿಂದ ಸುತ್ತು ಹಾಕಿಯೇ ಎತ್ತುತ್ತೇನೆ, ತಲೆಯ ಮೇಲೆ ಬಂದ ಕೂಡಲೇ ಹಿಡಿದುಬಿಡುತ್ತೇನೆ, ಅಲ್ಲಿಂದ ತೋಳಿನಿಂದ ಇಳಿಸುತ್ತೇನೆ. ಇಕ್ಕಳ ಹಿಡಿದವರ ಕಣ್ಣು ಕಬ್ಬಿಣದ ಮೇಲಿರುತ್ತದೆ, ಸುತ್ತಿಗೆಯ ಮೇಲಲ್ಲ; ಅತ್ತೆಗೆ ಇದು ತಿಳಿಯದು ಎಂದುಕೊಂಡಿದ್ದೆ. ನಮ್ಮವರಿಗೆ ಗೊತ್ತು, ಅವರು ಹೇಳುವುದಿಲ್ಲ. ಮುದುಕಿಯ ಮೂಳೆ ಕಾಣುವ ಆ ಮಣಿಕಟ್ಟನ್ನು ನೋಡುತ್ತ ನನ್ನಿಂದ ಸುತ್ತಿಗೆಯನ್ನು ಅದರ ಭಾರಕ್ಕೆ ಬಿಡಲು ಆಗುವುದೇ ಇಲ್ಲ. ಹೀಗೆ ಹಿಡಿದು ಹೊಡೆಯುವುದು ಬರೀ ಹೊಡೆಯುವುದಕ್ಕಿಂತಲೂ ಕೆಟ್ಟದ್ದು ಎಂದು ನನ್ನ ಹೆಗಲು ಬೇಗನೆ ತಿಳಿಸತೊಡಗಿತು.

ಹೋದ ವಾರ ಒಂದು ಬೆಳಿಗ್ಗೆ ಬಾಚಣಿಗೆ ಹಿಡಿದು ಅತ್ತೆಯ ಹಿಂದೆ ನಿಂತೆ. ಕೈ ಅವರ ನೆತ್ತಿಯವರೆಗೆ ಹೋಗಲಿಲ್ಲ. ಎಡಗೈಯಿಂದ ಬಲಗೈಯನ್ನು ಎತ್ತಿ ಹಿಡಿದು ಬಾಚಲು ನೋಡಿದೆ. ಅತ್ತೆ ತಿರುಗಿ ನೋಡಲಿಲ್ಲ. ಮೆಲ್ಲಗೆ ಸ್ಟೂಲಿನಿಂದ ಇಳಿದು, ನನ್ನ ಕೈ ಎಟುಕುವಂತೆ ನೆಲದ ಮೇಲೆ ಕುಳಿತರು.

"ಸುತ್ತಿಗಿ ಸಪ್ಪಳ ಕೇಳಿದ್ರ ತಿಳಿಯಂಗಿಲ್ಲೇನ ನನಗ," ಎಂದರು. "ಮಗನ ಕೈ ಕೊಟ್ಟ ನಿನ್ನ ಹೆಗಲ ಉಳಿಸಿದ್ದೆ. ಅದನ್ನೂ ಉಳಸಗೊಡಲಿಲ್ಲ ನೀ."

ಸಿಕ್ಕು ಎಳೆಯದಂತೆ ನಿಧಾನವಾಗಿ ಬಾಚಿ ತುರುಬು ಕಟ್ಟಿದೆ.

"ಇವತ್ತಿಂದ ಬೀಸಬೇಕ ನೋಡ," ಎಂದರು.

"ಹೂಂನ್ರಿ," ಎಂದೆ.

ಅವರು ಎದ್ದು ಹೋಗಿ ಇಕ್ಕಳ ಹಿಡಿದು ಕುಳಿತರು. ಬೇಕೆಂದೇ ಇರಬೇಕು, ತಮ್ಮ ಕೈಯ ಚಿಂತೆ ಬಿಡು ಎನ್ನುವಂತೆ ಅದನ್ನು ಎಂದಿಗಿಂತ ಮುಂದೆ ಚಾಚಿದ್ದರು. ನಮ್ಮವರು ಸಣ್ಣ ಸುತ್ತಿಗೆಯಿಂದ ಕಬ್ಬಿಣ ಮುಟ್ಟಿ ತೋರಿಸಿದರು. ನಾನು ಸುತ್ತು ಹಾಕಿದಂತೆ ತೋರಿಸುವುದನ್ನೂ ಬಿಟ್ಟು, ಸುತ್ತಿಗೆಯನ್ನು ಒಂದು ಕಾಲಕ್ಕೆ ಅತ್ತೆ ಎತ್ತುತ್ತಿದ್ದಂತೆ ಹೆಗಲವರೆಗೆ ಮಾತ್ರ ಎತ್ತಿದೆ.